ಕಿವಿನೋವು ಮತ್ತು ಆಕಳಿಕೆ ಆಟ

ಮಕ್ಕಳೇ, ಲಂಡನ್‌ನಿಂದ ಬೆಂಗಳೂರಿಗೆ ನೇರ ವಿಮಾನದಲ್ಲಿ ಸುಮಾರು 10 ಗಂಟೆ ಪಯಣ. ರಜೆಗೆ ಅಜ್ಜಿ ಮನೆಗೆ ಹೊರಟಾಗ ತಮ್ಮ ತಂಗಿಯರನ್ನು ಆಡಿಸುವ ಕೆಲಸ ದೊಡ್ಡವರಾದ ನಿಮಗೇ ಬೀಳುತ್ತೆ, ಅಲ್ವಾ? ಚಿತ್ರ ಬಿಡಿಸೋದು, ಒಗಟು, ಮೆಲುದನಿಯಲ್ಲಿ ಅಂತ್ಯಾಕ್ಷರಿ ಎಲ್ಲ ಸರಿ. (ಚೌಕಾಬಾರ ಬೇಡ, ಕವಡೆ ಸೀಟಿನ ಕೆಳಗೆ ಹೋದರೆ ಸಿಗೋದೇ ಇಲ್ಲ!) ಆದರೆ ಒಂದು ಆಟವನ್ನು ಕೊನೆಯ ಅರ್ಧ ಗಂಟೆಗೆ ಉಳಿಸಿಕೊಳ್ಳಿ. ಪುಟಾಣಿಗಳಿಗೆ ಕಿವಿ ನೋಯೋದು ಆಗಲೇ.

ಯಾಕೆ? ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಹೆಚ್ಚುತ್ತೆ. ಕಿವಿಯ ತಮಟೆಯ ಹಿಂದೆ ಮಾತ್ರ ಒತ್ತಡ ಕಡಿಮೆಯೇ ಇರುತ್ತೆ. ಹಾಗಾಗಿ ತಮಟೆ ಒಳಕ್ಕೆ ಜಗ್ಗಿ ನೋಯುತ್ತೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಎರಡೂ ಕಡೆಯ ಒತ್ತಡ ಸಮನಾಗುತ್ತೆ. ಚಿಕ್ಕವರಲ್ಲಿ ಈ ನಾಳ ಇನ್ನೂ ಕಿರಿದು.

ನಿದ್ದೆಯಲ್ಲಿ ನುಂಗುವುದು ಕಡಿಮೆ. ಆದ್ದರಿಂದ ವಿಮಾನ ಇಳಿಯಲು ಶುರುವಾದಾಗ ಮಲಗಿದವರನ್ನು ಮೆಲ್ಲಗೆ ಎಬ್ಬಿಸಿ. ಕೂಸಿಗೆ ಹಾಲು ಕುಡಿಸಲು ಅಮ್ಮನಿಗೆ ನೆನಪಿಸಿ. ಉಳಿದವರ ಜತೆ ‘ಯಾರದು ದೊಡ್ಡ ಆಕಳಿಕೆ’ ಆಟ ಆಡಿ, ನಡುನಡುವೆ ಒಂದೊಂದು ಗುಟುಕು ನೀರು ಕೊಡಿ. ಪೆಪ್ಪರ್‌ಮಿಂಟ್ ಮಾತ್ರ ತೀರಾ ಚಿಕ್ಕವರಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಯಾರಿಗಾದರೂ ಜೋರು ನೆಗಡಿ, ಕಿವಿನೋವು ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಬೇಕು.