ಮೋಟಾರು ಕಾರಿನ ಶ್ವಾಸನಾಳ

ಇಂಜಿನ್ನಿಗೆ ಪೆಟ್ರೋಲು ಆಹಾರವಾದರೆ ಗಾಳಿಯೇ ಉಸಿರು. ಆ ಉಸಿರನ್ನು ಶೋಧಕದಿಂದ ಇಂಜಿನ್ನಿಗೆ ಒಯ್ಯುವ ಕೊಳವೆಯನ್ನು ಕಾರಿನ ಶ್ವಾಸನಾಳವೆನ್ನಬಹುದು. ಕಾರ್ಖಾನೆಯಲ್ಲಿ ಜೋಡಿಸಿದ ಪ್ಲಾಸ್ಟಿಕ್ ಕೊಳವೆಯನ್ನು ತೆಗೆದು, ಅಂಗಡಿಯಲ್ಲಿ ದೊರೆಯುವ ಅಲ್ಯೂಮಿನಿಯಂ ಕೊಳವೆಯನ್ನು ಹಾಕಿಸುವ ತರುಣರುಂಟು. ಲೋಹವು ಗಾಳಿಯನ್ನು ಕಾಯಿಸಿಬಿಡುತ್ತದೆಂದು ಅದನ್ನು ನಿರಾಕರಿಸುವವರೂ ಉಂಟು. ಯಾರ ಮಾತು ಸರಿ? ಲೆಕ್ಕ ಹಾಕಿ ನೋಡೋಣ.

ಮೊದಲು, ಗಾಳಿ ಕಾದರೆ ಆಗುವ ನಷ್ಟವೇನು? ಒತ್ತಡವು ಸ್ಥಿರವಾಗಿರುವಾಗ ಅನಿಲದ ಸಾಂದ್ರತೆಯು ನಿರಪೇಕ್ಷ ಉಷ್ಣತೆಗೆ ವಿಲೋಮಾನುಪಾತದಲ್ಲಿರುತ್ತದೆ. ಬಿಸಿಗಾಳಿಯು ವಿರಳ, ಅದರ ಪ್ರತಿ ಲೀಟರಿನಲ್ಲೂ ಆಮ್ಲಜನಕ ಕಡಿಮೆ, ಆದುದರಿಂದ ಅದರಲ್ಲಿ ಉರಿಯಬಲ್ಲ ಇಂಧನವೂ, ದೊರೆಯುವ ಶಕ್ತಿಯೂ ಕಡಿಮೆ.

೨ ಲೀಟರ್ ಗಾತ್ರದ ಇಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತಿದೆಯೆನ್ನೋಣ. ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆಯುವುದರಿಂದ, ಪೂರ್ಣ ವೇಗವರ್ಧಕ ಒತ್ತಿದಾಗ ಅದಕ್ಕೆ ಸೆಕೆಂಡಿಗೆ ಸುಮಾರು ೫೦ ಲೀಟರ್ ಬೇಕು. ೭ ಸೆಂ.ಮೀ. ವ್ಯಾಸದ, ೬೦ ಸೆಂ.ಮೀ. ಉದ್ದದ ಕೊಳವೆಯಲ್ಲಿ ಹಿಡಿಯುವುದು ೨.೩ ಲೀಟರ್ ಮಾತ್ರ. ಎಂದರೆ ಗಾಳಿಯು ಕೊಳವೆಯೊಳಗೆ ಇರುವುದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಕಾಲ! ಕೊಳವೆಯ ಗೋಡೆಯು ಗಾಳಿಗಿಂತ ೪೦ ಡಿಗ್ರಿ ಬಿಸಿಯಾಗಿದ್ದರೂ, ಅಷ್ಟರೊಳಗೆ ಗಾಳಿ ಕಾಯುವುದು ಸುಮಾರು ೪ ಡಿಗ್ರಿ. ಸಾಂದ್ರತೆಯ ನಷ್ಟ ಶೇಕಡ ೧ಕ್ಕಿಂತ ಸ್ವಲ್ಪ ಹೆಚ್ಚು.

ಅಲ್ಯೂಮಿನಿಯಮಿನ ಉಷ್ಣವಾಹಕತೆ, ಮೀಟರಿಗೆ ಡಿಗ್ರಿಗೆ ವ್ಯಾಟುಗಳಲ್ಲಿ, ಸುಮಾರು ೨೦೦, ತುಕ್ಕು ಹಿಡಿಯದ ಉಕ್ಕಿನದು ೧೫, ನೈಲಾನಿನದು ೦.೨೫, ಗಾಳಿಯದು ೦.೦೨೬. ಗೋಡೆಗೆ ಅಂಟಿಕೊಂಡಿರುವ ಗಾಳಿಯ ಪದರವು ನಮ್ಮ ಉದಾಹರಣೆಯಲ್ಲಿ ಅರ್ಧ ಮಿಲಿಮೀಟರ್ ನಿಶ್ಚಲ ಗಾಳಿಗೆ ಸಮ. ಉಷ್ಣವನ್ನು ತಡೆಯುವುದರಲ್ಲಿ ಇದು ೪ ಮೀಟರ್ ದಪ್ಪದ ಅಲ್ಯೂಮಿನಿಯಮಿಗೆ ಸಾಟಿ! ಆದುದರಿಂದ ತೆಳು ಕೊಳವೆಯು ಅಲ್ಯೂಮಿನಿಯಮಿನದಾದರೇನು, ಉಕ್ಕಿನದಾದರೇನು, ಭೇದವಿಲ್ಲ. ೩ ಮಿ.ಮೀ. ನೈಲಾನಾದರೋ ಆ ಪದರದ ಅರ್ಧಕ್ಕಿಂತ ತುಸು ಹೆಚ್ಚು ತಡೆಯನ್ನು ಸೇರಿಸುತ್ತದೆ. ಪ್ಲಾಸ್ಟಿಕ್ಕಿನ ಪಕ್ಷದವರ ಮಾತು ಸರಿ. ಆದರೆ ಲಾಭ ಅಲ್ಪ.

ಹಾಗಾದರೆ ನಿರ್ಣಾಯಕವಾದುದು ಯಾವುದು? ಕೊಳವೆಯ ಬಾಯಿ ಇರುವ ಸ್ಥಾನ. ಹೊರಗಿನ ೩೦ ಡಿಗ್ರಿಯ ಗಾಳಿಗೆ ಬದಲಾಗಿ ಬಾನೆಟ್ಟಿನೊಳಗಿನ ೬೦ ಡಿಗ್ರಿಯ ಗಾಳಿಯನ್ನು ಎಳೆದರೆ, ೩೦೩ ಮತ್ತು ೩೩೩ರ ಅನುಪಾತದಂತೆ, ಸಾಂದ್ರತೆ ಶೇಕಡ ೯ರಷ್ಟು ಕುಗ್ಗುತ್ತದೆ. ಯಾವ ಲೋಹವೂ ಇದನ್ನು ತುಂಬಿಕೊಡಲಾರದು. ಆದರೆ ತಂಪುಗಾಳಿಯ ಆಸೆಯಿಂದ ಬಾಯಿಯನ್ನು ತೀರ ಕೆಳಗಿಟ್ಟರೆ ಮಳೆನೀರು ಇಂಜಿನ್ನನ್ನು ಸೇರೀತು. ನೀರು ಸಂಕುಚಿಸದು, ಪಿಸ್ಟನ್ನಿನ ದಂಡವೇ ಬಾಗಿಹೋದೀತು.

ಆದುದರಿಂದ ದ್ರವ್ಯವನ್ನು ಆರಿಸುವಾಗ ಹೊಳಪನ್ನು ನೋಡದೆ ಈ ಪ್ರಶ್ನೆಗಳನ್ನು ಕೇಳಬೇಕು: ಇಂಜಿನ್ನಿನ ಶಾಖಕ್ಕೆ ಅದು ಮೆತ್ತಗಾಗದೆ? ಕಂಪನಕ್ಕೆ ಬಿರಿಯದೆ? ಕೀಲುಗಳು ಬಿಗಿಯಾಗಿ ಕೂಡುವುವೆ? ಗಾಳಿಯನ್ನು ಅಳೆಯುವ ಉಪಕರಣವಿರುವೆಡೆ ವ್ಯಾಸ ಮೊದಲಿನಷ್ಟೇ ಇದೆಯೆ? ಶೋಧಕದ ಆಚೆ ಒಂದು ಕೀಲು ಸಡಿಲವಾದರೂ ಧೂಳು ಒಳನುಗ್ಗಿ ಸಿಲಿಂಡರನ್ನು ಸವೆಸುತ್ತದೆ.

ಅಭ್ಯಾಸ: ೧.೨ ಲೀಟರ್ ಇಂಜಿನ್ನು ನಿಮಿಷಕ್ಕೆ ೨,೫೦೦ ಸುತ್ತು ತಿರುಗುವಾಗ ಇದೇ ಕೊಳವೆಯಲ್ಲಿ ಗಾಳಿಯು ಎಷ್ಟು ಕಾಲವಿರುತ್ತದೆ? ವಾಚಕರೇ ಲೆಕ್ಕ ಹಾಕಿರಿ.