ಆಟದ ಪುಸ್ತಕ ಮಾರಹೊರಟ ಮಕ್ಕಳಿಗೆ

ಮಕ್ಕಳೇ, ಪಾಕೆಟ್ ಮನಿ ಉಳಿಸಿ ವರ್ಷಗಟ್ಟಲೆ ಕೂಡಿಟ್ಟ, ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪುಸ್ತಕಗಳನ್ನು ಮಾರಿ, ಬಂದ ಹಣವನ್ನು ಬಡ ಮಕ್ಕಳ ಚಿಕಿತ್ಸೆಗೆ ಕೊಡಲು ಹೊರಟಿದ್ದೀರಿ ಎಂದು ಕೇಳಿ ಮನಸ್ಸು ತುಂಬಿತು. ‘ಆಟದ ಪುಸ್ತಕಕ್ಕೆ ಯಾರು ದುಡ್ಡು ಕೊಡ್ತಾರೆ’ ಎಂದು ಮನೆಯಲ್ಲಿ ಯಾರಾದರೂ ಮೂಗು ಮುರಿದರೆ ಬೇಸರ ಮಾಡಿಕೊಳ್ಳಬೇಡಿ. ದುಡ್ಡು ಬರುತ್ತದೆ. ಬಂದ ದುಡ್ಡನ್ನು ಹೇಗೆ ಕಾಯುತ್ತೀರಿ ಅನ್ನುವುದರ ಬಗ್ಗೆಯೇ ನನಗೆ ಹೆಚ್ಚು ಕಾಳಜಿ.

ಇಂಥ ಆಟ ಆಡುವವರ ಬಳಗ ಈ ಬಗೆಯ ಕೆಲಸಕ್ಕೆ ಹೊಸದಲ್ಲ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಗಿ ಲಕ್ಷಾಂತರ ಜನ ಬೀದಿಗೆ ಬಿದ್ದರು. ಆಗ ಅಮೆರಿಕದ ಡ್ರೈವ್‌ಥ್ರೂಆರ್‌ಪಿಜಿ ಎಂಬ ಆನ್‌ಲೈನ್ ಮಳಿಗೆ ತನ್ನಲ್ಲಿ ಮಾರುವ ಪ್ರಕಾಶಕರಿಂದ ಆಟದ ಪಿಡಿಎಫ್ ಪುಸ್ತಕಗಳನ್ನು ಕೇಳಿ ಪಡೆದು, ಎಲ್ಲವನ್ನೂ ಒಂದೇ ಕಟ್ಟು ಮಾಡಿ 20 ಡಾಲರಿಗೆ ಮಾರಿತು. ಬಿಡಿಬಿಡಿಯಾಗಿ ಕೊಂಡರೆ ಸಾವಿರ ಡಾಲರ್ ದಾಟುವ ಪುಸ್ತಕಗಳು ಅವು. ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ವೈದ್ಯಕೀಯ ನೆರವಿನ ಸಂಸ್ಥೆಗೆ 1,75,000 ಡಾಲರಿಗೂ ಹೆಚ್ಚು ಹಣ ಹೋಯಿತು. ಹತ್ತು ವರ್ಷ ಕಳೆದು, 2020ರ ಜೂನ್‌ನಲ್ಲಿ, ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಸತ್ತ ನಂತರ, ಜನಾಂಗೀಯ ನ್ಯಾಯದ ಕೆಲಸಕ್ಕೆಂದು ಇಚ್ ಡಾಟ್ ಐಓ ಎಂಬ ತಾಣ ವಿಡಿಯೋ ಗೇಮ್‌ಗಳ ಜೊತೆ ಇಂಥ ಆಟದ ಪುಸ್ತಕಗಳನ್ನೂ ಸೇರಿಸಿ ಇನ್ನೂ ದೊಡ್ಡ ಕಟ್ಟು ಮಾಡಿತು. ಕನಿಷ್ಠ ಬೆಲೆ 5 ಡಾಲರ್. ಕೊಂಡವರು 8 ಲಕ್ಷಕ್ಕೂ ಹೆಚ್ಚು ಮಂದಿ, ಸೇರಿದ್ದು 80 ಲಕ್ಷ ಡಾಲರಿಗೂ ಹೆಚ್ಚು. ಲೆಕ್ಕ ಹಾಕಿ ನೋಡಿ: ಒಬ್ಬೊಬ್ಬರೂ ಸರಾಸರಿ ಸುಮಾರು 10 ಡಾಲರ್ ಕೊಟ್ಟಿದ್ದಾರೆ, ಅಂದರೆ ಕೇಳಿದ್ದರ ಎರಡರಷ್ಟು. ಹಣ ಎಲ್ಲಿಗೆ ಹೋಗುತ್ತದೆಂದು ಸ್ಪಷ್ಟವಾಗಿ ಹೇಳಿದರೆ ಜನ ಚೌಕಾಸಿ ಮಾಡುವುದಿಲ್ಲ. ಇದನ್ನು ನೆನಪಿಡಿ, ಬೆಲೆ ಕಟ್ಟುವಾಗ ಬೇಕಾಗುತ್ತದೆ.

ಆ ಎರಡೂ ಕಡೆ ಪಿಡಿಎಫ್ ಮಾರಿದ್ದು ಬರೆದವರ, ಪ್ರಕಟಿಸಿದವರ ಒಪ್ಪಿಗೆಯಿಂದ. ನಿಮ್ಮ ಕಂಪ್ಯೂಟರಿನಲ್ಲಿರುವ ಪಿಡಿಎಫ್‌ಗಳ ವಿಷಯ ಬೇರೆ. ಅವು ನೀವು ಓದಲೆಂದು ಕೊಂಡವು, ಮಾರುವ ಹಕ್ಕು ನಿಮಗಿಲ್ಲ. ಪುಣ್ಯದ ಕೆಲಸ ತಾನೇ ಎಂದು ಅದನ್ನು ಪೆನ್‌ಡ್ರೈವ್‌ಗೆ ತುಂಬಿ ಕೊಡುವುದಾಗಲಿ, ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿ ಮಾರುವುದಾಗಲಿ ಬೇಡ. ಈ ಆಟಗಳನ್ನು ಬರೆಯುವ ಬಹುಪಾಲು ಜನ ಸಣ್ಣ ಆದಾಯದವರು. ಅವರ ಅನ್ನಕ್ಕೆ ಕೈಹಾಕಿ ಇನ್ನೊಬ್ಬರ ಮಗುವಿಗೆ ಔಷಧಿ ತರುವುದು ಬೇಡ. ಕಾಗದದ ಪುಸ್ತಕ ನಿಮ್ಮ ಸ್ವಂತ ಸ್ವತ್ತು, ಅದನ್ನು ಧಾರಾಳವಾಗಿ ಮಾರಿ.

ಮೊದಲ ಕೆಲಸ, ಹಣ ಪಡೆಯುವ ಸಂಸ್ಥೆಯ ಒಪ್ಪಿಗೆ ಕೇಳುವುದು. ಇದು ಶಿಷ್ಟಾಚಾರಕ್ಕೆ ಹೇಳುವ ಮಾತಲ್ಲ, ಹಿಂದೆ ನಡೆದದ್ದನ್ನು ಕೇಳಿ. ಡೇವ್ ಆರ್ನೆಸನ್ ಜೊತೆಗೂಡಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಹೊರತಂದ ಗ್ಯಾರಿ ಗೈಗ್ಯಾಕ್ಸ್ 2008ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರೇ 1968ರಲ್ಲಿ ಶುರುಮಾಡಿದ ಜೆನ್ ಕಾನ್ ಎಂಬ ಆಟಗಳ ಮೇಳದಲ್ಲಿ ಆ ವರ್ಷ ಅವರ ನೆನಪಿಗೆ ಹರಾಜು ನಡೆದು 17 ಸಾವಿರ ಡಾಲರಿಗೂ ಹೆಚ್ಚು ಸೇರಿತು. ಅವರಿಗೆ ಪ್ರಿಯವಾಗಿದ್ದ ಮಕ್ಕಳ ಸಂಸ್ಥೆಯೊಂದಕ್ಕೆ ಅದನ್ನು ಕೊಡಬೇಕೆಂಬ ಯೋಚನೆಯಿತ್ತು. ಆದರೆ ಆ ಸಂಸ್ಥೆ ಈ ಹರಾಜಿನ ಜೊತೆ ತನ್ನ ಹೆಸರು ಸೇರಿಸಲು ಒಪ್ಪಲಿಲ್ಲ. ಕೊನೆಗೆ ಹಣ ಫಿಶರ್ ಹೌಸ್ ಫೌಂಡೇಶನ್‌ಗೆ ಹೋಯಿತು, ಆಸ್ಪತ್ರೆ ಸೇರಿದ ಸೈನಿಕರ ಕುಟುಂಬಗಳಿಗೆ ತಂಗಲು ಜಾಗ ಕೊಡುವ ಸಂಸ್ಥೆಯದು. ಹಣ ಸದ್ವಿನಿಯೋಗವಾಯಿತು, ನಿಜ. ಆದರೆ ಆ ಅಭಿಮಾನಿಗಳ ಮನಸ್ಸಿಗೆ ಆದ ನೋವನ್ನು ಯೋಚಿಸಿ. 1980ರ ದಶಕದಲ್ಲಿ ಈ ಆಟವನ್ನು ದೆವ್ವದ ಆಟವೆಂದು ದೂರಿದ ಜನ ಅಮೆರಿಕದಲ್ಲಿ ಬಹಳ ಇದ್ದರು. ಮುಖಪುಟದ ರಾಕ್ಷಸನನ್ನು ನೋಡಿ ಹುಬ್ಬು ಗಂಟಿಕ್ಕುವವರು ನಮ್ಮಲ್ಲೂ ಸಿಕ್ಕಾರು. ಆದ್ದರಿಂದ ಒಂದೆರಡು ಪುಸ್ತಕ ಹಿಡಿದುಕೊಂಡೇ ಸಂಸ್ಥೆಯ ಕಚೇರಿಗೆ ಹೋಗಿ. ಆಟ ಏನೆಂದು ತಾಳ್ಮೆಯಿಂದ ಹೇಳಿ, ಹೆಸರು ಬಳಸಲು ಒಪ್ಪಿಗೆಯನ್ನು ಪತ್ರದಲ್ಲೋ ಇಮೇಲ್‌ನಲ್ಲೋ ಪಡೆದುಕೊಳ್ಳಿ. ಅಲ್ಲಿಯವರೆಗೆ ಒಂದು ಪೋಸ್ಟರೂ ಬೇಡ.

ಇನ್ನು ಪುಸ್ತಕ. ಕೆಲಸಕ್ಕೆ ಬಾರದ್ದನ್ನು ಸಾಗಹಾಕುವ ದಾರಿ ಇದಾಗಬಾರದು. ಹೊಲಿಗೆ ಬಿಟ್ಟದ್ದು, ಹುಳು ತಿಂದದ್ದು, ನಕ್ಷೆ ಕಳೆದುಹೋದದ್ದು ಇದ್ದರೆ ಪಕ್ಕಕ್ಕಿಡಿ, ಇಲ್ಲವೇ ದೋಷವನ್ನು ಬರೆದೇ ಮಾರಿ. ಪ್ರತಿ ಪುಸ್ತಕವನ್ನೂ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ತಿರುವಿ ನೋಡಿ. ನಡುವೆ ಮಡಿಸಿಟ್ಟ ಪಾತ್ರದ ಹಾಳೆ ಸಿಗಬಹುದು. ಪಾತ್ರದ ಪ್ರಾಣಬಲ ತೋರಿಸುವ ಹಿಟ್ ಪಾಯಿಂಟ್ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ ಕಾಗದ ಸವೆದು ಬೆಳಕು ಕಾಣುವಂತಾಗಿರುತ್ತದೆ. ಮೂಲೆಯಲ್ಲಿ ಚಹಾದ ಕಲೆ, ಹಿಂಬದಿಯಲ್ಲಿ ಪಕ್ಕ ಕೂತಿದ್ದ ಗೆಳೆಯ ಪೆನ್ಸಿಲಿನಲ್ಲಿ ಗೀಚಿದ ಕತ್ತಿ. ಅದನ್ನು ತೆಗೆದಿಟ್ಟುಕೊಳ್ಳಿ. ಅದಕ್ಕೆ ಬೆಲೆ ಕಟ್ಟುವುದು ಬೇಡ.

ಬೆಲೆ ಕಟ್ಟುವ ಮುಂಚೆ ಕೈಯಲ್ಲಿರುವುದು ಏನೆಂದು ತಿಳಿದುಕೊಳ್ಳಿ. 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ, ಈ ಆಟದ ದೇವತೆಗಳ ಪುಸ್ತಕವಿದೆ. ನಮ್ಮ ಇಂದ್ರ, ಅಗ್ನಿ, ವರುಣರೂ ಅದರಲ್ಲಿದ್ದಾರೆ. ಮೊದಲ ಮುದ್ರಣಗಳಲ್ಲಿ ಕ್ಥುಲು ಮತ್ತು ಮೆಲ್ನಿಬೋನೆಯ ಕಥಾಲೋಕಗಳ ಎರಡು ಅಧ್ಯಾಯಗಳಿದ್ದವು. ಆಮೇಲೆ ಅವನ್ನು ತೆಗೆದರು, 144 ಪುಟದ ಪುಸ್ತಕ 128 ಪುಟಕ್ಕಿಳಿಯಿತು. ಹೊರಗಿನಿಂದ ಎರಡೂ ಒಂದೇ ಥರ, ಆದರೆ ಸಂಗ್ರಾಹಕರು 144 ಪುಟದ್ದಕ್ಕೆ ಹೆಚ್ಚು ಹಣ ಕೊಡುತ್ತಾರೆ. ಚಿಕ್ಕಪ್ಪನೋ ಸೋದರಮಾವನೋ ಅಮೆರಿಕದಿಂದ ತಂದಿಟ್ಟ ಹಳೆಯ ಪೆಟ್ಟಿಗೆ ಮನೆಯಲ್ಲಿದ್ದರೆ ಅವಸರಪಡಬೇಡಿ. ಈ ಆಟದ 1974ರ ಮೊದಲ ಮುದ್ರಣ ಕೇವಲ ಸಾವಿರ ಪ್ರತಿ. ಅಂಥದ್ದನ್ನು ತೂಕಕ್ಕೆ ಹಾಕಿದಂತೆ ಮಾರಿಬಿಟ್ಟರೆ ನಷ್ಟ ನಿಮಗಲ್ಲ, ಆಸ್ಪತ್ರೆಯಲ್ಲಿರುವ ಮಗುವಿಗೆ. ಅಪರೂಪದ್ದನ್ನು ಹರಾಜಿಗಿಡಿ. ಸಾಮಾನ್ಯ ಪುಸ್ತಕಕ್ಕೆ ನಿಗದಿತ ಬೆಲೆ ಬರೆದು, ‘ಇದಕ್ಕಿಂತ ಹೆಚ್ಚು ಕೊಟ್ಟರೆ ಅದೂ ಚಿಕಿತ್ಸೆಗೇ’ ಎಂದು ಒಂದು ಸಾಲು ಸೇರಿಸಿ.

ಈಗ ಹಣದ ವಿಷಯ. ಇನ್ನೊಬ್ಬರ ಹೆಸರು ಹೇಳಿ ಕೇಳಿದ ಹಣ ಕೇಳಿದ ಕ್ಷಣದಿಂದಲೇ ಅವರದ್ದು. ನಿಮ್ಮ ಕೈಯಲ್ಲಿ ಒಂದು ರಾತ್ರಿ ಇದ್ದರೂ ಅವರದ್ದೇ. ನೀವು ತಿಂಡಿಗೆ, ಪೆಟ್ರೋಲಿಗೆ ಬಳಸುವ ಯುಪಿಐ ಖಾತೆಗೆ ಅದು ಬರಬಾರದು. ಬೇರೊಂದು ಖಾತೆ ಇಡಿ, ಇಬ್ಬರು ಅದನ್ನು ನೋಡುತ್ತಿರಲಿ. ಯಾವ ಪುಸ್ತಕ, ಯಾರು ಕೊಂಡರು, ಎಷ್ಟು, ಯಾವ ದಿನ ಎಂದು ಅಂದಂದೇ ಬರೆಯಿರಿ. ‘ನಾಳೆ ಬರೆದರಾಯ್ತು’ ಅಂದಲ್ಲೇ ಲೆಕ್ಕ ತಪ್ಪುವುದು. ಗೆಳೆಯ ಅಂತ ಯಾರಿಗೂ ಸಾಲದ ಮೇಲೆ ಪುಸ್ತಕ ಕೊಡಬೇಡಿ. ರಟ್ಟಿನ ದಪ್ಪ ಪುಸ್ತಕ ಹೊರ ಊರಿಗೆ ಕಳಿಸಲು ಕೊರಿಯರ್‌ಗೆ ಸಾಕಷ್ಟಾಗುತ್ತದೆ. ಆ ಖರ್ಚು ಯಾರದ್ದು ಅನ್ನುವುದನ್ನು ಮಾರುವ ಮೊದಲೇ ತಿಳಿಸಿ. ಇಂಥ ಆಟದ ಪಿಡಿಎಫ್ ಮಾರುವ ಬಂಡಲ್ ಆಫ್ ಹೋಲ್ಡಿಂಗ್ ಎಂಬ ಮಳಿಗೆ ಬಂದ ಹಣದಲ್ಲಿ ಶೇಕಡಾ 10 ಮಾತ್ರ ದಾನಕ್ಕೆ ಕೊಡುತ್ತದೆ. ಅದನ್ನು ಮೊದಲೇ ಬಹಿರಂಗವಾಗಿ ಹೇಳುವುದರಿಂದ ಕೊಳ್ಳುವವರಿಗೆ ಅನುಮಾನ ಬರುವುದಿಲ್ಲ. ನೀವು ಪೂರ್ತಿ ಕೊಡುತ್ತೇವೆ ಅಂದರೆ ಪೂರ್ತಿಯೇ ಕೊಡಬೇಕು, ಚಹಾದ ಖರ್ಚನ್ನೂ ಮುರಿದುಕೊಳ್ಳಬಾರದು. ತೆರಿಗೆ ವಿನಾಯಿತಿಯ ಆಸೆ ತೋರಿಸಿಯೂ ಮಾರಬೇಡಿ. ಆ ವಿನಾಯಿತಿ ಇರುವುದು ದಾನಕ್ಕೆ, ದುಡ್ಡು ಕೊಟ್ಟು ಪುಸ್ತಕ ಒಯ್ದವನು ಮಾಡಿದ್ದು ಖರೀದಿ.

ಹಣ ತಲುಪಿಸಿದ ಮೇಲೆ ಸಂಸ್ಥೆಯ ರಶೀದಿಯನ್ನೂ ಲೆಕ್ಕದ ಹಾಳೆಯನ್ನೂ ಪುಸ್ತಕ ಕೊಂಡ ಪ್ರತಿಯೊಬ್ಬರಿಗೂ ಕಳಿಸಿ, ನೂರು ರೂಪಾಯಿಯ ಪುಸ್ತಕ ಒಯ್ದವರಿಗೂ. ಚಿಕಿತ್ಸೆ ಪಡೆದ ಮಗುವಿನ ಫೋಟೋ ಮಾತ್ರ ಕೇಳಬೇಡಿ, ಹಂಚಲೂ ಬೇಡಿ.

ಒಂದು ಮಾತು ಉಳಿದಿದೆ. ಎಲ್ಲವನ್ನೂ ಮಾರಬೇಡಿ. ವಾರವಾರ ಕೂತು ಆಡುವ ಪುಸ್ತಕ ಮತ್ತು ದಾಳಗಳು ಮನೆಯಲ್ಲೇ ಇರಲಿ. ನೀವು ಆಡುವುದು ನಿಂತರೆ ಬರುವ ವರ್ಷ ಈ ಕೆಲಸಕ್ಕೆ ಕೂಡುವ ಬಳಗವೂ ಇರುವುದಿಲ್ಲ. ಮಾರಾಟವಾಗದೆ ಉಳಿದ ಒಳ್ಳೆಯ ಪ್ರತಿಗಳನ್ನು ಪಕ್ಕದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಕೊಟ್ಟ ದಿನವೇ ಅಲ್ಲಿ ಆಸಕ್ತಿಯಿರುವ ನಾಲ್ಕು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಒಂದು ಆಟ ಆಡಿಸಿ ಬನ್ನಿ. ಕನ್ನಡದಲ್ಲೇ ಆಡಿಸಿ, ಚೆನ್ನಾಗಿ ಹೊಂದುತ್ತದೆ.