ಕಹಿ ಸೋರೆ ತಿಪ್ಪೆಗೇ ಹೋಗಬೇಕು

ಸೀಗೆ ಹುಣ್ಣಿಮೆ ಹೊತ್ತಿಗೆ ನಮ್ಮ ಸಾಗರ, ಸೊರಬದ ಕಡೆ ಬೇಲಿ ತುಂಬ ಕಾಯಿ. ಮಳೆ ಹಿಂದೆ ಸರಿದಿರುತ್ತದೆ, ಭತ್ತ ಹೊಡೆ ಕಟ್ಟಿರುತ್ತದೆ. ಬಸುರಿ ಗದ್ದೆಯ ಬಯಕೆ ತೀರಿಸಲೆಂದೇ ಹಬ್ಬದ ಹಿಂದಿನ ರಾತ್ರಿಯಿಡೀ ಹೆಂಗಸರು ನಿದ್ದೆಗೆಟ್ಟು ಬೇಯಿಸುತ್ತೇವೆ. ಚೀನಿಕಾಯಿ ಕಡುಬು, ಸೌತೆಕಾಯಿ ಕಡುಬು, ಅಮಟೆಕಾಯಿ ಗೊಜ್ಜು, ಬೆರಕೆ ಸೊಪ್ಪಿನ ಪಲ್ಯ. ವರ್ಷದಲ್ಲಿ ನನ್ನ ಮನಸ್ಸಿಗೆ ಇದಕ್ಕಿಂತ ಹಿತವಾದ ಅಡುಗೆ ಇನ್ನೊಂದಿಲ್ಲ. ಆ ಅಡುಗೆಯ ನಡುವೆಯೇ ನಮ್ಮ ಮನೆಯಲ್ಲಿ ಒಂದು ಜೀವ ಹೋಗುವುದರಲ್ಲಿತ್ತು.

ಸೋರೆಬಳ್ಳಿಯನ್ನು ಯಾರೂ ನೆಟ್ಟಿರಲಿಲ್ಲ. ಗೊಬ್ಬರಗುಂಡಿ ಪಕ್ಕ ತಾನಾಗಿ ಹುಟ್ಟಿ ಬೇಲಿಗೆ ಹಬ್ಬಿತ್ತು. ಕಾಯಿ ಎಳೆಯದು, ನೋಡಲೂ ಚೆಂದ. ಸಿಪ್ಪೆ ಹೆರೆದು ಒಂದು ಚೂರು ನಾಲಿಗೆಗಿಟ್ಟೆ. ಕೂಡಲೇ ಉಗಿದೆ. ಬಾಯಿ ಮುಕ್ಕಳಿಸಿದರೂ ಕಹಿ ಗಂಟಲು ಬಿಡಲಿಲ್ಲ. ತಿಪ್ಪೆಗೆ ಎಸೆಯಲೆಂದು ಕಾಯನ್ನು ಹಿಂಬಾಗಿಲ ಹತ್ತಿರ ಇಟ್ಟೆ.

ಅದು ಭಾವನ ಕಣ್ಣಿಗೆ ಬಿತ್ತು. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಹಾಗಲರಸ ಕುಡಿಯುವವರು. “ಎಸೆಯೋದ್ಯಾಕೆ? ಕಹಿ ಇದ್ದಷ್ಟೂ ಶುಗರಿಗೆ ಒಳ್ಳೇದು” ಅಂದರು. “ಬೇಡ ಭಾವ, ಇದು ಹಾಗಲದ ಕಹಿ ಅಲ್ಲ” ಅಂದೆ. ಅತ್ತೆಯೂ ಬೇಡವೆಂದರು. “ನೀವಿಬ್ಬರೂ ಒಲೆ ನೋಡ್ಕೊಳ್ಳಿ” ಎಂದು ತಾವೇ ಮಿಕ್ಸಿಗೆ ಹಾಕಿ, ಸೋಸಿ, ನಿಂತಲ್ಲೇ ದೊಡ್ಡ ಲೋಟ ಖಾಲಿ ಮಾಡಿದರು. ಆ ಹಟ ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ನಾನು ಅಮಟೆಕಾಯಿ ಜಜ್ಜುತ್ತಿದ್ದೆ. ಅರ್ಧ ಗಂಟೆಯೂ ಆಗಿರಲಿಲ್ಲ, ಅಂಗಳದಲ್ಲಿ ವಾಂತಿಯ ಸದ್ದು. ಹೋಗಿ ನೋಡಿದರೆ ಭಾವ ಹೊಟ್ಟೆ ಹಿಡಿದು ತುಳಸಿಕಟ್ಟೆ ಪಕ್ಕ ಕೂತಿದ್ದಾರೆ, ಮೈಯೆಲ್ಲ ಬೆವರು. ನೀರು ಕೊಟ್ಟರೆ ಅದೂ ಹೊರಗೆ. ಆಮೇಲೆ ಭೇದಿ ಶುರುವಾಯಿತು. ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆವು. ಸೋರೆರಸ ಕುಡಿದಿದ್ದಾರೆ, ಕಹಿ ಇತ್ತು ಎಂದು ನಾನು ಎರಡು ಸಲ ಹೇಳಿದೆ. ವೈದ್ಯರು ತಲೆ ಎತ್ತಲಿಲ್ಲ. “ಗ್ಯಾಸ್ಟ್ರಿಕ್. ಹಬ್ಬದ ಮನೆಯಲ್ಲವಾ, ಏನೋ ತಿಂದಿರುತ್ತಾರೆ” ಎಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಟ್ಟರು. ನನ್ನ ಯಜಮಾನರು ಕಾರನ್ನು ಮನೆ ಕಡೆ ತಿರುಗಿಸುತ್ತಿದ್ದರು. ಬೇಡ, ಶಿವಮೊಗ್ಗಕ್ಕೇ ಹೋಗೋಣ ಎಂದು ನಾನು ಪಟ್ಟು ಹಿಡಿದೆ.

ಆನಂದಪುರ ದಾಟುವಾಗ ಭಾವ ಮತ್ತೆ ವಾಂತಿ ಮಾಡಿದರು. ನನ್ನ ಸೆರಗು ಒಡ್ಡಿದ್ದೆ. ಮೊಬೈಲ್ ಬೆಳಕಲ್ಲಿ ನೋಡಿದರೆ ರಕ್ತ. ಕೈ ಹಿಡಿದರೆ ತಣ್ಣಗೆ, ಕರೆದರೆ ಹೂಂ ಅನ್ನುವುದೂ ನಿಂತಿತ್ತು. ಕುಂಸಿ ಬಂತು, ಆಯನೂರು ಬಂತು, ದಾರಿ ಮಾತ್ರ ಮುಗಿಯುತ್ತಿಲ್ಲ. ಹೊರಗೆ ಹಾಲಿನಂಥ ಬೆಳದಿಂಗಳು, ಆ ರಾತ್ರಿ ಅದನ್ನು ಕಂಡರೂ ನನಗೆ ಭಯವಾಯಿತು. ಹಿಂದೆ ಕೂತ ಅಕ್ಕ, ಅವರ ಹೆಂಡತಿ, ಅಳುವುದನ್ನೂ ಮರೆತು ಅವರ ಪಾದ ಉಜ್ಜುತ್ತಲೇ ಇದ್ದರು. ಆಸ್ಪತ್ರೆ ಮುಟ್ಟಿದಾಗ ಬಿಪಿ ಪಾತಾಳಕ್ಕೆ ಇಳಿದಿತ್ತು.

ಅಲ್ಲಿನ ಯುವ ವೈದ್ಯೆ “ಸೋರೆ” ಎಂಬ ಮಾತು ಕಿವಿಗೆ ಬಿದ್ದೊಡನೆ ಎದ್ದು ನಿಂತರು. ಆ ಕಹಿಗೆ ಕುಕುರ್ಬಿಟಾಸಿನ್ ಅಂತ ಹೆಸರು. ಸೋರೆ, ಸೌತೆ, ಕುಂಬಳದ ಕುಲದ ಗಿಡಗಳು ಹುಳ ಹುಪ್ಪಟೆಯಿಂದ ತಪ್ಪಿಸಿಕೊಳ್ಳಲು ಮಾಡಿಕೊಳ್ಳುವ ವಿಷ. ಬೇಯಿಸಿದರೂ ಹೋಗುವುದಿಲ್ಲ. ಅದಕ್ಕೆಂದೇ ಪ್ರತಿಮದ್ದು ಇಲ್ಲ. ಡ್ರಿಪ್ ಹಾಕಿ, ಆಮ್ಲ ತಗ್ಗಿಸುವ ಔಷಧ ಕೊಟ್ಟು ಕಾಯುವುದೊಂದೇ ದಾರಿ. ಎಂಡೋಸ್ಕೋಪಿಯಲ್ಲಿ ಭಾವನ ಜಠರದ ಒಳಪದರವೆಲ್ಲ ಹುಣ್ಣು. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆ, ಹಾಗಲದ ರಸ ಬೆರೆಸಿ ಕುಡಿದು ಸತ್ತಿದ್ದರಂತೆ. ಬೆರೆಸಿದರೆ ಯಾವ ಕಹಿ ಯಾವುದೆಂದು ತಿಳಿಯುವುದಾದರೂ ಹೇಗೆ? ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ, ಕಹಿ ಸೋರೆಯ ರಸ ಕುಡಿಯಲೇಬೇಡಿ ಎಂದು ದೇಶಕ್ಕೆಲ್ಲ ಹೇಳಿತ್ತು. ಆ ಮಾತು ಕ್ಲಿನಿಕ್ಕಿನವರೆಗೆ ಬಂದೇ ಇರಲಿಲ್ಲವೇ?

ಭಾವ ಬದುಕಿದರು. ಮನೆಗೆ ಬಂದಾಗ ಗಂಟಲಲ್ಲಿ ಇಳಿಯುತ್ತಿದ್ದುದು ಗಂಜಿ, ಉಪ್ಪು ಹಾಕಿ ಮೆತ್ತಗೆ ಬೇಯಿಸಿ ಕಿವುಚಿದ ಚೀನಿಕಾಯಿ, ಅಷ್ಟೇ. ಖಾರವಿಲ್ಲ, ಹುಳಿಯಿಲ್ಲ, ಮೇಲೊಂದು ಹನಿ ತುಪ್ಪ. ಹುಷಾರಿಲ್ಲದವರಿಗೆ ಶರತ್ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಕಡುಬು ಮಾಡುವುದಾದರೆ ಹಣ್ಣಾದ ಚೀನಿಕಾಯಿ ತುರಿಯನ್ನು ಬೆಲ್ಲದೊಡನೆ ಬಾಡಿಸಿ, ಅದು ಬಿಟ್ಟ ನೀರಲ್ಲೇ ಅಕ್ಕಿತರಿ ಕಲಸಿ. ಬೇರೆ ನೀರು ಸುರಿದರೆ ಹಿಟ್ಟು ಅಂಟಾಗುತ್ತದೆ. ಕಾಯಿತುರಿ, ಏಲಕ್ಕಿ ಬೆರೆಸಿ ಬಾಳೆಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿ.

ಹೆಚ್ಚುವ ಮೊದಲು ಚೀನಿಕಾಯಿ, ಸೌತೆ, ಹೀರೆ, ಸೋರೆ ಯಾವುದಾದರೂ ಸರಿ, ಹಸಿ ಚೂರು ನಾಲಿಗೆಗಿಟ್ಟು ಉಗಿಯಿರಿ. ಕಹಿ ಇದ್ದರೆ ಇಡೀ ಕಾಯಿ ತಿಪ್ಪೆಗೆ. ಬೆಲ್ಲ ಹಾಕಿ ಮುಚ್ಚಬೇಡಿ, ಕಹಿ ಭಾಗ ಕತ್ತರಿಸಿ ಉಳಿಸಬೇಡಿ. ತಾನಾಗಿ ಹುಟ್ಟಿದ ಬಳ್ಳಿಯನ್ನಂತೂ ನಂಬಬೇಡಿ, ಅದು ಹುಟ್ಟಿದ ಬೀಜ ಕಟ್ಟುವಾಗ ಯಾವ ಬೇಲಿಯ ಕಹಿಸೋರೆಯ ಪರಾಗ ತಾಗಿತ್ತೋ ಹೇಳಲಾಗದು. ಒಂದು ಗುಟುಕು ಹೊಟ್ಟೆಗೆ ಹೋಗಿ ವಾಂತಿ ಶುರುವಾದರೂ ದೊಡ್ಡಾಸ್ಪತ್ರೆಗೆ ಹೋಗಿ, ಏನು ಕುಡಿದದ್ದು ಎಂದು ಕೇಳದಿದ್ದರೂ ಹೇಳಿ.

ದೀಪಾವಳಿ ಕಳೆದ ಮೇಲೆ ಡಿಸ್ಚಾರ್ಜ್ ಚೀಟಿ ಹಿಡಿದು ಆ ಕ್ಲಿನಿಕ್ಕಿಗೆ ಹೋದೆ. ವೈದ್ಯರು ಓದಿ, ಒಂದು ಪ್ರತಿ ಬಿಟ್ಟು ಹೋಗಿ ಎಂದರು. ನಾನು ಎರಡು ಪ್ರತಿ ಮಾಡಿಸಿಯೇ ತಂದಿದ್ದೆ; ಒಂದನ್ನು ಅವರ ಮೇಜಿನ ಮೇಲಿಟ್ಟೆ, ಇನ್ನೊಂದನ್ನು ಚೀಟಿ ಬರೆಯುವ ಹುಡುಗಿಯ ಕೈಗೆ ಕೊಟ್ಟೆ.